ಕಲಶದೊಳಗಿನ ಅರ್ಧ ಡಾಲರು

ನನ್ನ ಭಾವ ಅನಂತರಾಮ್ ಅವರು ಮಾತನಾಡುವಾಗ ಎಡಗಣ್ಣನ್ನು ಅರ್ಧ ಮುಚ್ಚಿರುತ್ತಾರೆ. ಹೊಸಬರು ಇದನ್ನು ತಾತ್ಸಾರವೆಂದೋ, ತುಂಟತನವೆಂದೋ, ವಯೋಸಹಜವಾದ ಯಾವುದೋ ನರದೌರ್ಬಲ್ಯವೆಂದೋ ತಿಳಿದು ಗಲಿಬಿಲಿಗೊಳ್ಳುತ್ತಾರೆ. ಬಲಗಣ್ಣಿಗೆ ಭೂತಗನ್ನಡಿ ಒತ್ತಿ, ಎಡಗಣ್ಣು ಮುಚ್ಚಿ, ಇನ್ನೂರು ವರ್ಷ ಹಳೆಯ ಅಮೆರಿಕದ ಬೆಳ್ಳಿ ನಾಣ್ಯಗಳನ್ನು ನೋಡಿ ನೋಡಿ ಆ ರೆಪ್ಪೆ ಪೂರ್ತಿ ತೆರೆದುಕೊಳ್ಳುವುದನ್ನೇ ಮರೆತುಬಿಟ್ಟಿದೆ, ಅಷ್ಟೇ. ಎದುರಿಗಿರುವುದು ನಾಣ್ಯವಾಗಲಿ, ಭಾವಮೈದುನನಾಗಲಿ, ಆಗಷ್ಟೇ ಬಡಿಸಿದ ಉಪ್ಪಿಟ್ಟಾಗಲಿ, ಅವರ ನೋಟ ಒಂದೇ. ಎಲ್ಲಿ ಬಿರುಕಿದೆ ಎಂದು ಹುಡುಕುವ ನೋಟ.

ಬಿರುಕು ಹುಡುಕುವುದೇ ಅವರ ಹೊಟ್ಟೆಪಾಡೂ ಆಗಿತ್ತು. ಮೈಸೂರಿನಿಂದ ಸಿಂಗಪುರಕ್ಕೆ ಬಂದು ಇಲ್ಲಿನ ಸೆಂಬವಾಂಗಿನ ಹಡಗುಕಟ್ಟೆಯೊಂದರಲ್ಲಿ ವೆಲ್ಡಿಂಗ್ ತಪಾಸಣೆಯ ಎಂಜಿನಿಯರಾಗಿ ತಲೆಗೂದಲು ಬೆಳ್ಳಗಾಗುವವರೆಗೆ ದುಡಿದರು. ಬೆಸುಗೆಯಲ್ಲಿ ಒಂದೆಳೆಯಷ್ಟು ಸಂದು ಕಂಡರೂ ಹಡಗನ್ನು ತಡೆದು ನಿಲ್ಲಿಸಿ, ಮೇಲಿನವರಿಂದಲೂ ಕೆಳಗಿನವರಿಂದಲೂ ಬೈಸಿಕೊಂಡರು. ನಿವೃತ್ತಿಯಾಯಿತು, ಹಡಗುಗಳು ಪಾರಾದವು, ನಾವು ಸಿಕ್ಕಿಬಿದ್ದೆವು. ಈಗ ಅದೇ ಸೆಂಬವಾಂಗಿನ ಫ್ಲ್ಯಾಟಿನಲ್ಲಿ, ಫ್ಯಾನಿನ ಕೆಳಗೆ ಬನಿಯನ್ನೂ ಭಾರವೆನ್ನಿಸುವ ಮಧ್ಯಾಹ್ನಗಳಲ್ಲಿ, ಮೈತುಂಬ ಜೇಬುಗಳಿರುವ ತೋಳಿಲ್ಲದ ಖಾಕಿ ಜಾಕೀಟೊಂದನ್ನು ತೊಟ್ಟು ಕೂರುತ್ತಾರೆ. ಒಂದು ಜೇಬಿನಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಪುಟ್ಟ ಟಾರ್ಚು, ಮತ್ತೊಂದರಲ್ಲಿ ಮಡಚಿಟ್ಟ ಮೆತ್ತನೆಯ ಬಟ್ಟೆ. ನನ್ನ ಅಕ್ಕ ಮೈಥಿಲಿ ಒಮ್ಮೆ ರೋಸಿಹೋಗಿ ಆ ಜಾಕೀಟನ್ನು ಕಸ ನೇರ ನೆಲಮಹಡಿಗೆ ಬೀಳುವ ಚ್ಯೂಟಿಗೆ ತಳ್ಳಿದಳು. ಭಾವ ಲಿಫ್ಟಿನಲ್ಲಿ ಕೆಳಗಿಳಿದು, ಸ್ವಚ್ಛತೆಯವರನ್ನು ಹುಡುಕಿ, ಬಾಗಿಲು ತೆಗೆಸಿ, ಜಾಕೀಟನ್ನು ತಂದು ತಾವೇ ಒಗೆದು ಹಾಕಿಕೊಂಡರು.

ನಾಣ್ಯದ ಮುಖಕ್ಕೆ ಬೆರಳು ತಾಗಬಾರದು, ಅಂಚು ಹಿಡಿದೇ ಎತ್ತಬೇಕು ಎಂಬುದು ಆ ಹವ್ಯಾಸದ ಮೊದಲ ನಿಯಮವಂತೆ. ಭಾವನ ಕೈಯಲ್ಲಿ ಆ ನಿಯಮ ಬಿಸ್ಕತ್ತಿಗೂ, ಎಂಆರ್‌ಟಿ ರೈಲಿನ ಕಾರ್ಡಿಗೂ, ಅಕ್ಕ ಕರಿದ ನಿಪ್ಪಟ್ಟಿಗೂ ಹಬ್ಬಿದೆ. ನಿಪ್ಪಟ್ಟನ್ನು ಎರಡು ಬೆರಳಲ್ಲಿ ಅಂಚು ಹಿಡಿದು, ದೀಪಕ್ಕೆ ಓರೆಯಾಗಿ ತಿರುಗಿಸಿ, ಕಡಲೆಬೀಜ ಎಲ್ಲೆಲ್ಲಿ ಕೂತಿದೆ ಎಂದು ಪರಿಶೀಲಿಸಿದ ಮೇಲೆಯೇ ಬಾಯಿಗೆ. ಇದರ ಮೇಲೊಂದು ಚಾಳಿ: ಅವರ ಪ್ರತಿ ಮಾತೂ 'ಹಾಗಲ್ಲ' ಎಂದು ಆರಂಭವಾಗುತ್ತದೆ. ಊಟ ಆಯಿತಾ ಎಂದರೆ 'ಹಾಗಲ್ಲ, ಆಯ್ತು' ಎನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ಈ ಮನುಷ್ಯ ನನ್ನ ಒಂದೇ ಒಂದು ಮಾತನ್ನು ನೇರವಾಗಿ ಒಪ್ಪಿಕೊಂಡಿದ್ದಿಲ್ಲ.

ಬಿಶಾನಿನ ನನ್ನ ಮನೆಯಿಂದ ಭಾನುವಾರದ ಊಟಕ್ಕೆಂದು ಹೋದವನು ಎಷ್ಟು ಸಲ ಅವರ ನಾಣ್ಯದ ಟೇಬಲ್ಲಿಗೆ ಕಟ್ಟಿಹಾಕಿಸಿಕೊಂಡಿದ್ದೇನೋ! ಅವರು ಹೇಳುವುದಿಷ್ಟು. ಆ ಕಾಲದ ಅಮೆರಿಕದ ಟಂಕಸಾಲೆಯಲ್ಲಿ ನಾಣ್ಯದ ಅಚ್ಚುಗಳನ್ನು ಕೈಯಿಂದಲೇ ಸಿದ್ಧಮಾಡುತ್ತಿದ್ದರು. ಟೋಪಿ ತೊಟ್ಟ ಹೆಂಗಸಿನ ಮುಖವೇನೋ ಇಡಿಯಾಗಿ ಮೂಡುತ್ತಿತ್ತು; ಅವಳ ಸುತ್ತಲಿನ ಹದಿಮೂರು ನಕ್ಷತ್ರಗಳನ್ನೂ, ಕೆಳಗಿನ ಇಸವಿಯನ್ನೂ, ಹಿಂಬದಿಯ ಅಕ್ಷರಗಳನ್ನೂ ಒಂದೊಂದಾಗಿ ಸುತ್ತಿಗೆಯಿಂದ ಬಡಿದು ಕೂರಿಸಬೇಕಿತ್ತು. ಕೈ ಒಂದಿಷ್ಟು ಜರುಗಿದರೂ ನಕ್ಷತ್ರ ಓರೆ, ಅಂಕಿ ಮೇಲೆ ಕೆಳಗೆ. ಹೀಗಾಗಿ ಒಂದೇ ಇಸವಿಯ ಅರ್ಧ ಡಾಲರಿನಲ್ಲಿ ಹತ್ತಾರು ಬಗೆ. ಮುಂಬದಿಯ ಅಚ್ಚು, ಹಿಂಬದಿಯ ಅಚ್ಚು ಜೊತೆಗೂಡುವುದನ್ನು ಈ ಹುಚ್ಚಿನವರು 'ಮದುವೆ' ಎನ್ನುತ್ತಾರೆ. ಒಂದು ಒಡೆದುಹೋದರೆ ಉಳಿದದ್ದಕ್ಕೆ ಬೇರೆ ಸಂಬಂಧ. ಒಡೆಯುವ ಮುನ್ನ ಅಚ್ಚು ಬಿರುಕು ಬಿಡುತ್ತದೆ, ಆ ಬಿರುಕಿನೊಳಕ್ಕೆ ಬೆಳ್ಳಿ ನುಗ್ಗಿ ನಾಣ್ಯದ ಮೇಲೆ ಉಬ್ಬಿದ ಎಳೆಯಾಗಿ ನಿಲ್ಲುತ್ತದೆ. ಆ ಎಳೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡಿ ಯಾವ ಅಚ್ಚು, ಯಾವ ಮದುವೆ, ಅಚ್ಚಿನ ಆಯುಷ್ಯದ ಯಾವ ಘಟ್ಟ ಎಂದು ಹೇಳಬೇಕು. ನನ್ನ ಮಗಳು ಗಗನಾ ಎರಡು ನಾಣ್ಯಗಳನ್ನು ಬಹಳ ಹೊತ್ತು ನೋಡಿ, "ಮಾವಾ, ಎರಡೂ ಸೇಮ್ ಲಾ!" ಎಂದಳು. ಅವಳಿಗೆ ಮತ್ತೆ ಮೊದಲಿನಿಂದ ಪಾಠವಾಯಿತು. ನಾನಂತೂ ಕಾಣದಿದ್ದರೂ ಕಂಡಿತೆಂದು ಹೇಳಿ ಊಟಕ್ಕೆ ಏಳುವ ವಿದ್ಯೆಯನ್ನು ಬೇಗ ಕಲಿತೆ.

ನಾಣ್ಯದಲ್ಲಿ ಈ ಕಟ್ಟುನಿಟ್ಟು ಇರಲಿ, ಒಪ್ಪೋಣ. ಮನುಷ್ಯರ ನಡುವೆ ಇದನ್ನು ತಂದರೆ ಹೇಗೆ? ನಮ್ಮ ಕನ್ನಡ ಬಳಗದ ಕುಶಾಲ್ ತನ್ನ ತಂದೆಯ ಷಷ್ಟ್ಯಬ್ದಿಗೆ ಅಜ್ಜನ ಕಾಲದ ಅಮೆರಿಕದ ಬೆಳ್ಳಿ ಡಾಲರನ್ನು ಚಂದದ ಚೌಕಟ್ಟಿನಲ್ಲಿ ಹಾಕಿಸಿ ಎಲ್ಲರೆದುರು ಅಪ್ಪನ ಕೈಗಿತ್ತ. ಮುದುಕರ ಕಣ್ಣು ತುಂಬಿತು, ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಭಾವ ಎದ್ದುಹೋಗಿ, ಎಡಗಣ್ಣು ಮುಚ್ಚಿ, ಬಗ್ಗಿ ನೋಡಿ, "ಹಾಗಲ್ಲ, ಇದು ಎರಕ ಹೊಯ್ದಿದ್ದು. ಡುಪ್ಲಿಕೇಟ್" ಎಂದರು. ಚಪ್ಪಾಳೆ ನಿಂತಿತು. ಅಂದಿನಿಂದ ಕುಶಾಲ್ ಅಕ್ಕನನ್ನು ಕಂಡರೂ ಮುಖ ತಿರುಗಿಸುತ್ತಾನೆ. ಇನ್ನು ನನ್ನ ಅಮ್ಮ. ಹಿಂದಿನ ಸಲ ಮೈಸೂರಿನಿಂದ ಬಂದಾಗ, ಮಂಡಿನೋವನ್ನು ಲೆಕ್ಕಿಸದೆ ನಿಂತು ಹುಳಿ ಮಾಡಿ, ಅಳಿಯ ಏನೆನ್ನುತ್ತಾರೋ ಎಂದು ಎದುರಿಗೇ ಕಾದಿದ್ದಳು. "ಹಾಗಲ್ಲ ಅತ್ತೆ, ಬೇಳೆ ಬೆಂದಿಲ್ಲ" ಎಂದರು ಮಹಾನುಭಾವರು. ಬೇಳೆ ಬೆಂದಿರಲಿಲ್ಲ, ನಿಜ. ನಾವೆಲ್ಲ ಅದನ್ನು ನುಂಗಿಕೊಂಡು ಹೊಗಳುತ್ತಿರಲಿಲ್ಲವೇ?

ಇಂಥವರಿಗೆ ಒಂದು ನಾಣ್ಯ ಸಿಕ್ಕಿತು. ಹಳೆಯ ಮಾಲ್ ಒಂದರ ಮೂಲೆ ಅಂಗಡಿಯಲ್ಲಿ, ಕಪ್ಪಗೆ ಕಿಲುಬುಗಟ್ಟಿದ್ದ, ಸಾವಿರದ ಎಂಟುನೂರ ಇಪ್ಪತ್ತೇಳರ ಅರ್ಧ ಡಾಲರು. ಮೂರನೆಯ ನಕ್ಷತ್ರದ ಮೊನೆಯಿಂದ ಹೆಂಗಸಿನ ಗಲ್ಲದವರೆಗೆ ಒಂದು ಎಳೆ ಓಡಿದೆ, ಆ ಅಚ್ಚಿನಲ್ಲಿ ಇಂಥ ಬಿರುಕನ್ನು ಇದುವರೆಗೆ ಯಾರೂ ದಾಖಲಿಸಿಲ್ಲ, ಅಚ್ಚು ಒಡೆಯುವ ಮುಂಚಿನ ಕಟ್ಟಕಡೆಯ ಗಳಿಗೆಯದು ಇದು ಎಂದು ಅವರ ವಾದ. ಇಂಟರ್ನೆಟ್ಟಿನ ಗುಂಪಿನಲ್ಲಿ ವರ್ಷಗಟ್ಟಲೆ ಜಗಳವಾಡಿದರು. ಕೆಲವರು ನಕ್ಕರು, ಕೆಲವರು ನಂಬಿದರು. ಕೊನೆಗೆ ಆ ವಿದ್ಯೆಯಲ್ಲಿ ಎಲ್ಲರೂ ತಲೆಬಾಗುವ ಅಮೆರಿಕದ ಹಿರಿಯರೊಬ್ಬರು, ನಾಣ್ಯಮೇಳಕ್ಕೆಂದು ಸಿಂಗಪುರಕ್ಕೆ ಬರುತ್ತಿದ್ದೇನೆ, ಶನಿವಾರ ಸಂಜೆ ತೋರಿಸಿ ಎಂದು ಬರೆದರು. ಬದುಕೆಲ್ಲ ಬೇರೆಯವರ ಬಿರುಕುಗಳನ್ನು ಹೇಳಿ ಬೈಸಿಕೊಂಡವರಿಗೆ, ಒಂದು ಬಿರುಕಿಗಾಗಿ ಭೇಷ್ ಎನ್ನಿಸಿಕೊಳ್ಳುವ ಅವಕಾಶ. ಆ ವಾರ ಭಾವ ಒಮ್ಮೆ ಶಿಳ್ಳೆ ಹಾಕಿದ್ದನ್ನು ಅಕ್ಕ ಫೋನು ಮಾಡಿ ಹೇಳಿದಳು.

ಆ ಶನಿವಾರದ ಹಿಂದಿನ ದಿನ ವರಮಹಾಲಕ್ಷ್ಮಿ ವ್ರತ. ಅಮ್ಮ ಅದಕ್ಕೆಂದೇ ಮೈಸೂರಿನಿಂದ ಬಂದಿದ್ದಳು. ಶುಕ್ರವಾರ ಬೆಳಿಗ್ಗೆ ಭಾವ ನಾಣ್ಯವನ್ನು ಕವರಿನಿಂದ ತೆಗೆದು, ಅಡುಗೆಮನೆಯ ಕಿಟಕಿಯ ಪಕ್ಕದ ಟೇಬಲ್ಲಿನ ಮೇಲೆ, ಒಳ್ಳೆ ಬೆಳಕಿನಲ್ಲಿ ಕೊನೆಯ ಸಲ ಫೋಟೋ ತೆಗೆದರು. ಅಷ್ಟರಲ್ಲಿ ಅಕ್ಕ ಹೂವಿಲ್ಲ, ಬಾಳೆಎಲೆ ಇಲ್ಲ ಎಂದು ಕೂಗಿದಳು; ನಾಣ್ಯವನ್ನು ಬಟ್ಟೆಯ ಮೇಲೆ ಹಾಗೆಯೇ ಬಿಟ್ಟು ಟೆಕ್ಕಾ ಮಾರ್ಕೆಟ್ಟಿಗೆ ಓಡಿದರು. ಅದೇ ಟೇಬಲ್ಲಿನ ಮೇಲೆ ಆರತಿತಟ್ಟೆ, ಪಂಚಪಾತ್ರೆ, ಕುಂಕುಮದ ಭರಣಿ ಎಲ್ಲವನ್ನೂ ಹರಡಿಕೊಂಡು ಅಮ್ಮ ಬೆಳ್ಳಿ ತಿಕ್ಕಲು ಕೂತಳು. ಮುಂದಿನದನ್ನು ನಾನು ಬೇರೆ ಹೇಳಬೇಕೆ? ನಮ್ಮವರಲ್ಲಿ ಕಪ್ಪಾದ ಬೆಳ್ಳಿ ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರುವುದಿಲ್ಲ.

ಪೂಜೆ ಮುಗಿದು, ಮಂಗಳಾರತಿ ಆಗಿ, ಭಾವ ಟೇಬಲ್ಲಿನ ಹತ್ತಿರ ಹೋದರು. "ನಾಣ್ಯ ಎಲ್ಲಿ?"

"ಅದಾ? ಕಪ್ಪಿಟ್ಟು ಹೋಗಿತ್ತು" ಎಂದಳು ಅಮ್ಮ ಸಂಭ್ರಮದಿಂದ. "ವಿಭೂತಿ ಹಾಕಿ ಚೆನ್ನಾಗಿ ತಿಕ್ಕಿ ಕಲಶಕ್ಕೆ ಹಾಕಿದೀನಿ. ಲಕ್ಷ್ಮಿ ಕಲಶಕ್ಕೆ ಕಪ್ಪು ಬೆಳ್ಳಿ ಹಾಕಕ್ಕಾಗತ್ತಾ? ಈಗ ನೋಡಿ, ಕನ್ನಡಿ ಹಾಗಿದೆ."

"ಹಾಗಲ್ಲ..." ಎಂದರು ಭಾವ. ಅವರ ಮಾತು ಅದರಾಚೆಗೆ ಹೋಗದಿದ್ದುದನ್ನು ನಾನು ಕಂಡದ್ದು ಅದೇ ಮೊದಲು.

ಹಳೆಯ ನಾಣ್ಯದ ಕಿಲುಬನ್ನು ತಿಕ್ಕುವುದು ಅವರ ಲೋಕದಲ್ಲಿ ಮಹಾಪಾತಕ, ಗೀರು ಬಿದ್ದು ಅದರ ಬೆಲೆಯೇ ಹೋಗಿಬಿಡುತ್ತದೆ. ಅಕ್ಕ ಹಣೆ ಚಚ್ಚಿಕೊಂಡು ಎಲ್ಲವನ್ನೂ ಅಮ್ಮನಿಗೆ ಬಿಡಿಸಿ ಹೇಳಿದಳು. ಅಮ್ಮನ ಮುಖ ನೋಡಲಾಗಲಿಲ್ಲ. "ಈಗಲೇ ಕಲಶ ತೆಗೀರಿ, ತಾಯಿ ಹತ್ರ ನಾನು ತಪ್ಪಾಯ್ತು ಅಂತ ಕೇಳ್ಕೋತೀನಿ" ಎಂದು ಎದ್ದಳು. ದೇವರಿಗೆ ಕೈ ಮುಗಿದದ್ದನ್ನು ನಾವ್ಯಾರೂ ಕಾಣದ ಈ ಮನುಷ್ಯ ಅಡ್ಡ ನಿಂತು, "ಹಾಗಲ್ಲ ಅತ್ತೆ. ಕೂರಿಸಿದ ಕಲಶ ಮಾರನೇ ದಿನದವರೆಗೂ ಅಲ್ಲಾಡಿಸಬಾರದು ಅಂತ ನೀವೇ ಹೇಳಿದೀರಿ. ರೂಲ್ ಅಂದ್ರೆ ರೂಲ್" ಎಂದರು. ಅವರ ಕುತ್ತಿಗೆ ಹಿಡಿದು ಅಲ್ಲಾಡಿಸಬೇಕೆನ್ನಿಸಿತು ನನಗೆ.

ಅಂದು ಸಂಜೆಯೆಲ್ಲ ಭಾವ ಲಕ್ಷ್ಮಿಯ ಎದುರು ಕುರ್ಚಿ ಹಾಕಿಕೊಂಡು, ಎಡಗಣ್ಣು ಅರ್ಧ ಮುಚ್ಚಿ, ಕಲಶವನ್ನೇ ನೋಡುತ್ತ ಕೂತಿದ್ದರು. ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಬ್ಲಾಕಿನ ಪದ್ಮಜಾ, "ಅಂಕಲ್ ಎಷ್ಟು ಡಿವೋಷನಲ್ ಆಗ್ಬಿಟ್ಟಿದಾರೆ ಆಂಟಿ!" ಎಂದು ಬೆರಗಾದಳು. "ಹಾಗಲ್ಲಮ್ಮ, ನನ್ನ ಅರ್ಧ ಡಾಲರ್ ಅದರೊಳಗಿದೆ" ಎಂದರು ಭಾವ. ಅವಳು ಕಿಲಕಿಲ ನಕ್ಕಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು. ತಾನೇ ತಟ್ಟಿದ ಒಬ್ಬಟ್ಟನ್ನು ಮುಟ್ಟಲಿಲ್ಲ, ಊಟವನ್ನೂ ಮಾಡಲಿಲ್ಲ. ನಾವು ಒಬ್ಬರಾದ ಮೇಲೊಬ್ಬರು ಸಮಾಧಾನ ಹೇಳಿದೆವು. ಏನೂ ಆಗಿರೋದಿಲ್ಲ ಬಿಡಮ್ಮ ಎಂದಳು ಅಕ್ಕ, ಹೋದರೆ ಹೋಯಿತು ಎಂದೆ ನಾನು. ನಮ್ಮ ಮಾತುಗಳನ್ನು ಅವಳು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಭಾನುವಾರ ಅವಳ ವಿಮಾನ. ಈ ಕೊರಗನ್ನು ಹೊತ್ತೇ ಮೈಸೂರಿಗೆ ಹೋಗುತ್ತಾಳೆಂದು ನನಗೆ ಸಂಕಟವಾಯಿತು.

ಶನಿವಾರ ಬೆಳಿಗ್ಗೆ ಮತ್ತೆ ಹೋದೆ. ಕಲಶವನ್ನು ಕದಲಿಸಿದ ಮೇಲೆ ಭಾವ ಅಕ್ಕಿಯೊಳಗಿನಿಂದ ನಾಣ್ಯವನ್ನು ಅಂಚು ಹಿಡಿದೇ ಎತ್ತಿದರು. ಹೊಸ ಸ್ಪೂನಿನ ಹಾಗೆ ಫಳಫಳ ಹೊಳೆಯುತ್ತಿತ್ತು. ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಜಾಕೀಟಿನ ಜೇಬು ಹುಡುಕಿದ ಅವರ ಬೆರಳಿಗೆ ಟಾರ್ಚು ಸಿಗಲಿಲ್ಲ, ನಾನೇ ತೆಗೆದುಕೊಟ್ಟೆ. ಎಲ್ಲಿಲ್ಲದ ಕರುಣೆ ಉಕ್ಕಿತು ನನಗೆ. "ಭಾವ, ಬಿರುಕು ಹೋಯ್ತಾ? ಹೋಗ್ಲಿ ಬಿಡಿ" ಎಂದು ಪಿಸುಗುಟ್ಟಿದೆ. "ಹಳೇ ಫೋಟೋ ಇದ್ಯಲ್ಲ, ಅದನ್ನೇ ತೋರ್ಸಿ. ಮನೇಲಿ ಪಾಲಿಶ್ ಮಾಡ್ಬಿಟ್ರು, ಅಳ್ಸಿಹೋಯ್ತು ಅನ್ನಿ. ಯಾರು ಇಲ್ಲ ಅಂತಾರೆ?"

ಅವರು ಎಡಗಣ್ಣನ್ನೂ ತೆರೆದು, ಎರಡೂ ಕಣ್ಣಿನಿಂದ ನನ್ನನ್ನು ನೋಡಿದರು. "ಹಾಗಲ್ಲ" ಎಂದರು ಗಟ್ಟಿಯಾಗಿ, ಪಿಸುಗುಟ್ಟುವುದು ಅವರಿಗೆ ಬರುವುದಿಲ್ಲ. "ಅಳಿಸಿಹೋಗಿಲ್ಲ. ಅದು ಇರ್ಲೇ ಇಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. "ನನ್ನ ಸಮಾಧಾನಕ್ಕೆ ಹೇಳ್ತಿದೀರಿ" ಎಂದಳು.

"ಹಾಗಲ್ಲ ಅತ್ತೆ. ಬಿರುಕು ಅಂದ್ರೆ ಉಬ್ಬಿರೋ ಬೆಳ್ಳಿ. ತಿಕ್ಕಿದ್ರೆ ಅಷ್ಟು ಸುಲಭಕ್ಕೆ ಪೂರ್ತಿ ಹೋಗಲ್ಲ. ಪಕ್ಕದ ನಕ್ಷತ್ರದ ಗೆರೆ ಹಾಗೇ ಇದೆ, ಗಲ್ಲದ ಹತ್ತಿರದ ಕೂದಲಿನ ಎಳೆಯೂ ಇದೆ. ಅದೊಂದೇ ಹೋಗಿದೆ ಅಂದ್ರೆ ಅದು ಗಟ್ಟಿಯಾಗಿದ್ದ ಕೊಳೆ. ನಾನು ಕೊಳೆನ ಬಿರುಕು ಅಂದ್ಕೊಂಡಿದ್ದೆ. ಮಿಸ್ಟೇಕ್ ನಂದು." ಇಲ್ಲಿಗೇ ನಿಲ್ಲಿಸಪ್ಪ ತಂದೆ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿರುವಾಗಲೇ, ಮುಂದುವರಿಸಿದರು: "ನಾಣ್ಯ ಹಾಳು ಮಾಡಿದ್ದು ಮಾತ್ರ ನೀವೇ. ಮೈ ಮೇಲೆಲ್ಲ ಗೀರು ಬಿದ್ದಿದೆ. ಅದು ಬೇರೆ, ಇದು ಬೇರೆ."

"ಏನ್ರೀ ನೀವು!" ಎಂದು ಅಕ್ಕ ಚೀರಿದಳು. ಅವರಿಗೆರಡು ಬಾರಿಸಲು ನಾನು ಸೌಟು ಹುಡುಕುವುದೊಂದು ಬಾಕಿ. ಅಮ್ಮ ಮಾತ್ರ ಅಳಿಯನ ಮುಖವನ್ನೇ ನೋಡುತ್ತ ನಿಂತಳು, ಅವಳ ಹೆಗಲು ಮೆಲ್ಲಗೆ ಇಳಿಯಿತು. "ಸುಮ್ನಿರೆ" ಎಂದಳು ಮಗಳಿಗೆ. "ಅಳಿಯಂದ್ರು ಸಮಾಧಾನಕ್ಕೆ ಹೇಳೋ ಪೈಕಿ ಅಲ್ಲ. ಹಾಳು ಮಾಡಿದೀರಿ ಅಂತಾನೂ ಹೇಳಿದ್ರಲ್ಲ, ಹಾಗಾದ್ರೆ ಬಿರುಕಿನ ವಿಷಯ ನಿಜಾನೇ." ಆಮೇಲೆ ಕುರ್ಚಿ ಎಳೆದುಕೊಂಡು ಕೂತು, "ನಿನ್ನೇದು ಒಬ್ಬಟ್ಟು ಉಳಿದಿದ್ರೆ ಬಿಸಿ ಮಾಡು" ಎಂದಳು.

ಸಂಜೆ ನಾನೇ ಭಾವನನ್ನು ಅಮೆರಿಕದ ಹಿರಿಯರು ಇಳಿದಿದ್ದ ಹೋಟೆಲಿಗೆ ಕರೆದುಕೊಂಡು ಹೋದೆ. ಅವರು ಆ ಹಿರಿಯರ ಮುಂದೆ ನಾಣ್ಯವಿಟ್ಟು, ನನ್ನ ವಾದ ತಪ್ಪು, ಅದು ಕೊಳೆ ಎಂದು ತಾವೇ ಹೇಳಿಬಿಟ್ಟರು. ಗುಂಪಿನಲ್ಲಿ ನಕ್ಕವರಿಗೂ ಅದನ್ನೇ ಬರೆದು ತಿಳಿಸಿದರು. ವಾಪಸ್ಸು ಬರುವಾಗ ಎಂಆರ್‌ಟಿಯಲ್ಲಿ ಕಿಟಕಿಗೆ ತಲೆಯಾನಿಸಿ ಕೂತರು. ಅವರಿಗೆ ತುಂಬ ದುಃಖವಾಗಿತ್ತು. ನನಗೂ ಆಯಿತು, ಒಂದು ಸುಳ್ಳಿನ ಖರ್ಚಿನಲ್ಲಿ ತಪ್ಪಿಸಬಹುದಾಗಿದ್ದ ದುಃಖವಲ್ಲವೇ ಎಂಬ ಸಿಟ್ಟೂ ಜೊತೆಗೇ ಬಂತು.

ಇಂಥವರೊಡನೆ ಬಾಳುವುದು ಬಲು ಪ್ರಯಾಸ. ಒಂದೇ ಥರ ಕಾಣುವ ಎರಡನ್ನು ಬೇರೆ ಮಾಡದೆ ಅವರಿಗೆ ನಿದ್ದೆ ಬಾರದು. ಬೆಂದ ಬೇಳೆಗೂ ಬೇಯದ ಬೇಳೆಗೂ, ಅಳಿಸಿದ್ದಕ್ಕೂ ಇಲ್ಲದ್ದಕ್ಕೂ, ಅವರ ತಪ್ಪಿಗೂ ನಿಮ್ಮ ತಪ್ಪಿಗೂ ನಡುವೆ ಗೆರೆ ಎಳೆದು, ಆ ಗೆರೆಯ ಮೇಲೆ ನಿಮ್ಮನ್ನು ನಿಲ್ಲಿಸಿ, ಊಟ ಆರಿಹೋಗುವವರೆಗೆ ಬಿಡುವುದಿಲ್ಲ. ಒಂದು ಮನೆಯಲ್ಲಿ ಇಂಥವರು ಇಬ್ಬರಿದ್ದರೆ ಆ ಮನೆ ಉಳಿಯಲಾರದು. ಆದರೆ ನಾವು, ಬೇಯದ ಬೇಳೆಯನ್ನು ಹೊಗಳುವ ಒಳ್ಳೆಯವರು, ಆ ಶುಕ್ರವಾರ ಅಷ್ಟು ಸಮಾಧಾನ ಹೇಳಿದರೂ ಅಮ್ಮನಿಗೆ ಒಂದು ತುತ್ತು ಇಳಿಯಲಿಲ್ಲ. ನಮ್ಮ ಮಾತು ಎಂಥದ್ದೆಂದು ಅವಳಿಗೆ ಮೊದಲೇ ಗೊತ್ತಿತ್ತು.