ಬೆಳಕಿಲ್ಲದಾಗಲೂ ಒತ್ತಿದ್ದು

ಒತ್ತಿದರು. ಏನೂ ಕಾಣಲಿಲ್ಲ, ಆದರೂ ಒತ್ತಿದರು.

ದೊಡ್ಡ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ಗದ್ದ ಊರಿಕೊಂಡು ಕೂತಿದ್ದರು ಕಾಲೇಜು ಮೇಷ್ಟ್ರು. ನಡುವಿನ ಹಳದಿ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಿ ಬೆಳಕು ಮಿಣುಕಿದರೂ ಕೈಯಲ್ಲಿನ ಗುಂಡಿ ಒತ್ತಬೇಕು. ಇಷ್ಟೇ ಪರೀಕ್ಷೆ. ದೇಶಕ್ಕೇ ದೊಡ್ಡ ಕಣ್ಣಾಸ್ಪತ್ರೆಯಂತೆ, ಒಳಗೆ ಬಂದರೆ ಮಕ್ಕಳಾಟ.

ಯಾವ ಕಣ್ಣಿಗೆ ಪಟ್ಟಿ ಕಟ್ಟಿದರೂ ಎಡಗಡೆ ಮಾತ್ರ ಬೆಳಕೇ ಬರುತ್ತಿಲ್ಲ. ಬೇಕಂತಲೇ ಬಿಡುತ್ತಿಲ್ಲ, ಅಂದುಕೊಂಡರು. ಬೆಳಿಗ್ಗೆ ಹೆಂಡತಿ ಬಾಗಿಲ ಹತ್ತಿರ ಡಾಕ್ಟರ ಜೊತೆ ಏನೋ ಪಿಸುಗುಟ್ಟಿದ್ದಳು. ಕಾರಿನ ಎಡಮಗ್ಗುಲು ಗೇಟಿನ ಕಂಬಕ್ಕೆ ಉಜ್ಜಿದ ದಿನದಿಂದ ಅವಳದು ಒಂದೇ ರಾಗ: ನಿಮಗೆ ಕಾಣಲ್ಲ, ಕೀ ಕೊಡಿ. ಉಜ್ಜಿದ್ದು ಅವಳ ತಮ್ಮನೇ ಎಂಬುದರಲ್ಲಿ ಮೇಷ್ಟ್ರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಇವತ್ತು ಫೇಲಾದರೆ ಕೀ ಹೋಯಿತು. ಭಾವಮೈದುನ ಸ್ಟಿಯರಿಂಗ್ ಹಿಡಿಯುತ್ತಾನೆ, ಇವರು ಪಕ್ಕದಲ್ಲಿ ಮೂಟೆಯ ಹಾಗೆ ಬಿದ್ದಿರಬೇಕು.

ಆಗ ಕಿವಿಗೆ ಬಿತ್ತು. ಬೆಳಕು ಬಿಡುವ ಮೊದಲು ಯಂತ್ರ ಟಿಕ್ ಅನ್ನುತ್ತದೆ! ಕಾಪಿ ಹೊಡೆಯುವವರನ್ನು ಹಿಡಿಯುವುದರಲ್ಲಿ ಹೆಸರು ಮಾಡಿದ ಮನುಷ್ಯ, ಕಳ್ಳದಾರಿ ಹೊಸದೇ? ಟಿಕ್ ಅಂದಾಗಲೆಲ್ಲ ಒತ್ತಿದರು.

"ಇನ್ನೊಂದ್ಸಲ ಮಾಡ್ಬೇಕು ಸರ್," ಅಂದಳು ಪರೀಕ್ಷೆ ನಡೆಸುವ ಹುಡುಗಿ.

"ಯಾಕಮ್ಮ? ಎಲ್ಲಾ ಒತ್ತಿದೀನಲ್ಲ."

"ಅದೇ ಸರ್, ಎಲ್ಲಾ ಒತ್ತಿದೀರ. ನಡುನಡುವೆ ಬರೀ ಶಬ್ದ ಮಾತ್ರ ಬರತ್ತೆ, ಬೆಳಕು ಬರಲ್ಲ. ಆಗ್ಲೂ ಒತ್ತಿದೀರ."

"ಮೋಸ ಅಲ್ವಾ ಅದು?"

"ಯಾರದು ಸರ್?" ಅವಳು ನಕ್ಕಳು. "ಸುಸ್ತಾಗಿರ್ಬೇಕು. ಹೊರಗೆ ಕೂತಿರಿ, ಕರೀತೀನಿ."

ಹೊರಗೆ ಬಂದು, ಬೆಳಿಗ್ಗೆ ಕೂತಿದ್ದ ಕುರ್ಚಿಯಲ್ಲೇ ಕೂತರು. ಹೆಂಡತಿ ಇಲ್ಲ. ಇಲ್ಲೇ ಇರ್ತೀನಿ ಅಂದವಳು. ಡಾಕ್ಟರ ಕೋಣೆಯ ಬಾಗಿಲು ಮುಚ್ಚಿತ್ತು. ಸರಿ, ಒಳಗೆ ಫಲಿತಾಂಶ ಬರೆಸುತ್ತಿದ್ದಾಳೆ. ಜೇಬು ತಡಕಿದರು, ಕೀ ಇತ್ತು. ಹಿಡಿದೇಬಿಡೋಣವೆಂದು ಅವಳಿಗೆ ಫೋನು ಹಚ್ಚಿದರು.

ಎಡಗಿವಿಯ ಮಗ್ಗುಲಲ್ಲೇ ಫೋನು ಹೊಡೆದುಕೊಂಡಿತು.

"ಇದೇನ್ರೀ, ಪಕ್ಕದಲ್ಲಿ ಕೂತೋಳಿಗೆ ಫೋನಾ?"

ಮೇಷ್ಟ್ರು ತಿರುಗಲಿಲ್ಲ. "ಯಾವಾಗ ಬಂದೆ?"

"ಎದ್ದೇ ಇಲ್ವಲ್ಲ. ಬಿಸ್ಕತ್ತು ಕೊಡೋಕೆ ಹೋದೆ, ಕೈ ಚಾಚ್ಕೊಂಡೇ ಇದ್ದೆ, ನೀವು ತಗೊಳ್ಳಲಿಲ್ಲ. ಕೋಪ ಅನ್ಕೊಂಡು ನಾನೇ ತಿಂದೆ."

"ನಾಟಕ ಬೇಡ. ತಮ್ಮ ಎಲ್ಲಿ?"

"ಅವನ್ಯಾಕ್ರೀ ಬರ್ತಾನೆ? ಆಫೀಸಲ್ಲಿದಾನೆ." ಮೆಲ್ಲಗೆ ಕೇಳಿದಳು, "ರೀ, ನಾನು ನಿಜ್ವಾಗ್ಲೂ ಕಾಣಲಿಲ್ವಾ?"

ದನಿಯಲ್ಲಿ ಜಗಳವಿರಲಿಲ್ಲ, ಹೆದರಿಕೆಯಿತ್ತು. ಎಷ್ಟು ಚೆನ್ನಾಗಿ ಕಲಿತುಕೊಂಡು ಬಂದಿದ್ದಾಳೆ ಅನ್ನಿಸಿತು ಮೇಷ್ಟ್ರಿಗೆ.

"ಕೀ ಕೊಡ್ರೀ," ಅಂದಳು, ಇನ್ನೂ ಮೆಲ್ಲಗೆ.

ಅವರು ಎದುರಿನ ಬಿಳೀ ಗೋಡೆಯನ್ನೇ ನೋಡುತ್ತ ಕೂತರು. ಜೇಬಿನೊಳಗೆ ಹೆಬ್ಬೆರಳು ಕಾರಿನ ಕೀ ಮೇಲಿನ ಗುಂಡಿ ಒತ್ತಿತು. ಎಡಗಡೆ, ಕಿಟಕಿಯಾಚೆ, ಕೆಳಗೆಲ್ಲೋ ಕಾರು ಕುಂಯ್ ಅಂದಿತು.

ಮತ್ತೆ ಒತ್ತಿದರು. ಅದು ಮತ್ತೆ ಕುಂಯ್ ಅಂದಿತು. ಬಿಸ್ಕತ್ತಿನ ವಾಸನೆಯ ಕೈಯೊಂದು ಮೊಣಕೈ ಮುಟ್ಟಿತು. ಯಾರದೆಂದು ನೋಡದೆ, ಒತ್ತುತ್ತಲೇ ಇದ್ದರು.