ಹಸ್ತಪ್ರತಿಯಲ್ಲಿಲ್ಲದ ಸಾಲು

ಕರಡು ತಿದ್ದುವುದು ಒಬ್ಬರ ಕೈಲಾಗುವ ಕೆಲಸವಲ್ಲ ಎಂದು ಅಕ್ಕ ನಂಬಿದ್ದಳು. ಮುದ್ರಣಾಲಯದ ಮಹಡಿಯ ಕಿರುಕೋಣೆಯಲ್ಲಿ, ಒಂದೇ ಮೇಜಿನ ಎರಡು ಬದಿಗೆ, ಅಕ್ಕತಂಗಿಯರು ಕೂತು ಇಪ್ಪತ್ತೆರಡು ವರ್ಷವಾಗಿತ್ತು. ತಂಗಿ ಲೇಖಕರ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವಳು. ಅಲ್ಪವಿರಾಮ, ಪೂರ್ಣವಿರಾಮವನ್ನೂ ಬಿಡದೆ ಹೇಳುವಳು. ಅಕ್ಕ ಅಚ್ಚಿನ ಕರಡಿನ ಮೇಲೆ ಕೆಂಪು ಪೆನ್ನು ಓಡಿಸುವಳು. ಕಿವಿಗೆ ಬಿದ್ದ ಮಾತು ಕರಡಿನಲ್ಲಿ ಇಲ್ಲವೆಂದರೆ ಅದು ಅಚ್ಚಿನವರು ಬಿಟ್ಟ ಸಾಲು. ತಡೆಯುವಂತಿಲ್ಲ, ಕೇಳುವಂತಿಲ್ಲ, ಅಂಚಿನಲ್ಲಿ ಬರೆದು ಮುಂದೆ ಸಾಗಬೇಕು. ಲಯ ಮುರಿದಲ್ಲೇ ತಪ್ಪು ನುಸುಳುವುದು ಎಂದು ಅಕ್ಕ ಮಾಡಿದ ಕಟ್ಟಳೆ ಅದು. ಹರಟೆಗೆ ಅಪ್ಪಣೆ ಪುಟ ತಿರುವುವಾಗ ಮಾತ್ರ.

ತಂಗಿಯನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಬೆಳಗಿನ ಜಾವ ಅಪ್ಪ ಹಾಡುತ್ತಿದ್ದ ಪದ್ಯಗಳನ್ನು ಅಕ್ಷರ ಕಲಿಯುವ ಮೊದಲೇ ಒಪ್ಪಿಸುತ್ತಿದ್ದವಳು. ಅಕ್ಕನಿಗೆ ಹಾಡಲು ಬಾರದು, ಕೇಳಲು ಬರುತ್ತಿತ್ತು. ದೇವರು ಒಬ್ಬಳಿಗೆ ಕೊರಳು ಕೊಟ್ಟ, ನನಗೆ ಕಿವಿ ಕೊಟ್ಟ, ಹಂಚಿಕೆ ಚೆನ್ನಾಗಿದೆ ಎಂದು ಅವಳ ಸಮಾಧಾನ.

ಈ ಸಲ ಬಂದದ್ದು ಜಗತ್ತಿನ ಹೆಸರಾಂತ ನಗರಗಳ ಪುಸ್ತಕ: ಅಲ್ಲಿನ ಅಚ್ಚರಿಗಳು, ಅಲ್ಲಿಗೆ ಹೋಗಲು ಕಾರಣಗಳು. ತಮ್ಮೂರ ರೈಲು ನಿಲ್ದಾಣದಿಂದಾಚೆಗೆ ಕಾಲಿಡದ ಇಬ್ಬರೂ ಮೇಜು ಬಿಟ್ಟೇಳದೆ ಊರೂರು ತಿರುಗಿದರು.

"ಪ್ಯಾರಿಸ್ಸಿನ ಐಫೆಲ್ ಗೋಪುರ, ಬೇಸಿಗೆಯ ಬಿಸಿಗೆ ಕಬ್ಬಿಣ ಹಿಗ್ಗಿ, ಅರ್ಧ ಗೇಣಿಗೂ ಮಿಕ್ಕಿ ಎತ್ತರವಾಗುತ್ತದೆ, ಪೂರ್ಣವಿರಾಮ." ಪುಟ ತಿರುವಿ ತಂಗಿ ನಕ್ಕಳು. "ನೋಡೇ ಅಕ್ಕ, ಕಬ್ಬಿಣವೂ ಬೆಳೆಯುತ್ತಂತೆ. ನೀನು ಏಳನೇ ಕ್ಲಾಸಿನ ಎತ್ತರಕ್ಕೇ ನಿಂತುಬಿಟ್ಟೆ."

"ಸಾಕು, ಓದು."

ಇನ್ನೊಂದು ಪುಟ ತಿರುವುವಾಗ ತಂಗಿ ಮತ್ತೆ ಶುರುಮಾಡಿದಳು. "ಇಸ್ತಾಂಬುಲ್ಲು ಎರಡು ಖಂಡದ ಮೇಲೆ ಕೂತಿದೆಯಂತೆ. ಜಗಳ ಆಡಿದ್ರೆ ನೀನು ಏಷ್ಯಾದಲ್ಲಿರು, ನಾನು ಯೂರೋಪಿಗೆ ಹೋಗ್ತೀನಿ. ಒಂದಾದ್ರೂ ಊರು ನೋಡ್ಬೇಕು ಕಣೇ."

"ಈ ಪುಸ್ತಕ ಮುಗೀಲಿ, ನೋಡೋಣ." ಪ್ರತಿ ಪುಸ್ತಕಕ್ಕೂ ಅಕ್ಕ ಇದನ್ನೇ ಹೇಳಿದ್ದಳು.

ಪುಸ್ತಕ ಅರ್ಧಕ್ಕೆ ಬಂದಾಗ ತಂಗಿಯ ದನಿ ಒಡೆಯಿತು. ನೆಗಡಿ ಎಂದುಕೊಂಡರು, ನೆಗಡಿ ತಿಂಗಳಾದರೂ ಬಿಡಲಿಲ್ಲ. ಗಂಟಲಲ್ಲಿ ಗಡ್ಡೆ ಎಂದರು ವೈದ್ಯರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಈ ದನಿ ಉಳಿಯುವುದಿಲ್ಲ. ಶಸ್ತ್ರಚಿಕಿತ್ಸೆ ಸೋಮವಾರಕ್ಕೆ ನಿಗದಿಯಾಯಿತು.

"ಬೇರೆಯವರು ಓದಲಿ, ನೀನು ಸುಮ್ಮನಿರಮ್ಮ," ಎಂದರು ಮುದ್ರಣಾಲಯದ ಯಜಮಾನರು.

"ಮುಂದೆ ಸುಮ್ಮನಿರೋದೇ ತಾನೆ ಸಾರ್. ಇದೊಂದು ಮುಗಿಸ್ತೀನಿ."

ಅದರ ಹಿಂದಿನ ಶುಕ್ರವಾರ ಉಳಿದದ್ದು ವೆನಿಸ್ ಒಂದೇ. ಅಕ್ಕ ಕರಡಿನ ಮೇಲೆ ಕಣ್ಣಿಟ್ಟಳು, ಆದರೆ ಅವಳ ಕಿವಿ ಆ ದಿನ ಪದಗಳನ್ನು ಹಿಡಿಯಲಿಲ್ಲ, ಬರೀ ದನಿಯನ್ನು ಹಿಡಿಯಿತು. ಒಡೆದ ಕಂಚಿನ ಹಾಗಿದ್ದ ದನಿ. ದೇವರೇ, ಈ ಸಾಲು ದಾಟಲಿ. ದೇವರೇ, ಇನ್ನೊಂದು ದಾಟಲಿ. ಅರ್ಥವೆಲ್ಲ ಹೊಸಿಲಾಚೆಯೇ ನಿಂತಿತ್ತು, ಕೈ ತನ್ನ ರೂಢಿಯಂತೆ ನಡೆಯುತ್ತಿತ್ತು. ಕೆಸರಿನಲ್ಲಿ ಊರಿದ ಮರದ ಗೂಟಗಳ ಮೇಲೆ ಶತಮಾನಗಳಿಂದ ನಿಂತ ಊರು, ಪೂರ್ಣವಿರಾಮ. ಆಮೇಲೆ ಕರಡಿನಲ್ಲಿಲ್ಲದ್ದೇನೋ ಬಂತು. ಕೆಂಪು ಪೆನ್ನು ಅಂಚಿನಲ್ಲಿ ಬರೆದುಕೊಂಡಿತು. ತಂಗಿ ಓದು ನಿಲ್ಲಿಸಿದ್ದಳು.

"ಉಸಿರು ಸಾಲದಾ? ನೀರು ಕುಡಿ," ಎಂದಳು ಅಕ್ಕ, ತಲೆಯೆತ್ತದೆ.

ತಂಗಿ ನೀರು ಕುಡಿದು ಉಳಿದ ಸಾಲುಗಳನ್ನು ಓದಿ ಮುಗಿಸಿದಳು.

ಐದು ವಾರ ಕಳೆದು, ಅಚ್ಚಾದ ಪುಸ್ತಕ ಹಿಡಿದು ಯಜಮಾನರು ಮಹಡಿ ಹತ್ತಿ ಬಂದರು. "ನೋಡಮ್ಮ, ವೆನಿಸ್ ಪುಟದ ಈ ಸಾಲು ತಾನು ಬರೆದದ್ದಲ್ಲ ಅಂತಾರೆ ಲೇಖಕರು. ಕರಡಿನಲ್ಲಿ ನಿನ್ನ ಕೈಬರಹ ಇದೆ."

ಅಕ್ಕನಿಗೆ ರೇಗಿತು. "ನನ್ನ ತಂಗಿ ಓದಿದ್ದನ್ನ ಬರೆದಿದ್ದೀನಿ ಸಾರ್. ಇಪ್ಪತ್ತೆರಡು ವರ್ಷದಲ್ಲಿ ಒಂದು ತಪ್ಪು ತೋರಿಸಿ, ನೋಡೋಣ." ಹಸ್ತಪ್ರತಿ ತೆಗೆದು ಬೆರಳಿಟ್ಟು ಹುಡುಕಿದಳು. ಸಾಲು ಇರಲಿಲ್ಲ. ಪುಸ್ತಕ ಎತ್ತಿಕೊಂಡು ಆ ಸಾಲನ್ನು ಮೊದಲ ಸಲ ಓದಿದಳು.

"ದನಿಯಿರುವಾಗಲೇ ಇಲ್ಲಿಗೆ ಬನ್ನಿ; ಮೋಟಾರು ಓಡದ ಈ ಓಣಿಗಳಲ್ಲಿ ನಿಂತು ಅಕ್ಕಾ ಎಂದು ಕೂಗಿದರೆ ಕೂಗು ಬಹುದೂರ ಹೋಗುತ್ತದೆ."

ಯಜಮಾನರೂ ಮತ್ತೊಮ್ಮೆ ಓದಿದರು. ಪುಸ್ತಕವನ್ನು ಅವಳ ಕೈಯಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದರು.

ಮನೆಯಲ್ಲಿ ತಂಗಿ ಮಂಚದ ಮೇಲೆ ಕೂತಿದ್ದಳು. ಕತ್ತಿನ ರಂಧ್ರದ ಮೇಲೆ ತೆಳ್ಳನೆಯ ಬಟ್ಟೆ, ಉಸಿರಿಗೊಮ್ಮೆ ಅದು ಅಲುಗುತ್ತಿತ್ತು. ಮಡಿಲಲ್ಲಿ ಸ್ಲೇಟು. ಅಕ್ಕ ಪುಸ್ತಕ ತೆರೆದು ಮುಂದಿಟ್ಟಳು. ಸಾಲು ಅಚ್ಚಾಗಿರುವುದನ್ನು ಕಂಡು ತಂಗಿ ಕಣ್ಣರಳಿಸಿದಳು.

ಸ್ಲೇಟಿನ ಮೇಲೆ ಬರೆದಳು: "ನಿಂಗೆ ಕೇಳಿಸಿತು ಅಂದ್ಕೊಂಡಿದ್ದೆ. ಬೇಕಂತಲೇ ಸುಮ್ಮನಿದ್ದೀಯ ಅಂದ್ಕೊಂಡೆ."

"ಇಲ್ಲ ಕಣೇ. ನಿನ್ನ ದನಿ ಕೇಳ್ತಾ ಇದ್ದೆ. ಮಾತು ಕೇಳಿಸ್ಲೇ ಇಲ್ಲ."

ಒರೆಸಿ, ಮತ್ತೆ ಬರೆದಳು: "ಹೋಗೋಕೆ ಆಗ್ತಿರ್ಲಿಲ್ಲ, ನಂಗೂ ಗೊತ್ತು. ತಲೆಯೆತ್ತಿ ಒಂದ್ಸಲ ಹೋಗೋಣ ಅಂದಿದ್ರೆ ಸಾಕಿತ್ತು. ಆ ಕೋಣೇಲೇ ಅಕ್ಕಾ ಅಂತ ಕೂಗಿಬಿಡ್ತಿದ್ದೆ."

"ಹೋಗೋಣ," ಎಂದಳು ಅಕ್ಕ. "ಹೋಗೋಣ ಕಣೇ ಗಿಣಿ."

ತಂಗಿ ಸ್ಲೇಟು ಬದಿಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಅಳುತ್ತಿದ್ದಾಳೋ ಇಲ್ಲವೋ ಕಿವಿಗೆ ತಿಳಿಯುವಂತಿರಲಿಲ್ಲ. ಅಕ್ಕ ಎದ್ದು, ಮಂಚವನ್ನು ಗೋಡೆಯಿಂದ ಈಚೆಗೆ ಎಳೆದು, ಆ ಸಂದಿನಲ್ಲಿ ಹೋಗಿ ನಿಂತು ಮುಖ ನೋಡಬೇಕಾಯಿತು.