ಒರಗಿಸಿ ಕೂರಿಸಿದ್ದು

ಅಜ್ಜಪ್ಪನನ್ನು ಮೂರು ದಿಂಬಿಗೆ ಒರಗಿಸಿ, ಅರ್ಧ ಕೂತ ಹಾಗೆ ಇಟ್ಟು, ಡಾಕ್ಟರು ಹರಿಹರಕ್ಕೆ ಹೋಗಿ ಎರಡು ತಾಸಾಗಿತ್ತು. "ಹೀಗೇ ಇರಲಿ, ಮಲಗಿಸಬೇಡಿ" ಎಂದಷ್ಟೇ ಹೇಳಿದ್ದರು. ಯಾಕೆಂದು ಕೇಳುವ ಧೈರ್ಯ ಕಸ್ತೂರಮ್ಮನಿಗೆ ಬಂದಿರಲಿಲ್ಲ. ಗಂಡನ ಹೃದಯ ಸೋತಿದೆ, ಮೈಯಲ್ಲಿ ನೀರು ನಿಂತಿದೆ, ಅದು ಇಳಿಯಲೆಂದು ಸೂಜಿ ಹಾಕಿದ್ದಾರೆ. ಆ ನೀರು ಇಳಿಯದಿದ್ದರೆ ಅವನು ಉಳಿಯುವುದಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟೇ.

ಮಧ್ಯಾಹ್ನದ ರೈಲಿಗೆ ಮಾಯಕೊಂಡದಿಂದ ಭಾವ ಬಕ್ಕೇಶಪ್ಪ ಬಂದರು. ದಾವಣಗೆರೆಯ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲೇ ನಿಂತು, ಕಣ್ಣು ಮುಚ್ಚಿ ಕೂತಿದ್ದ ತಮ್ಮನನ್ನು ಕಂಡವರೇ ರುಮಾಲು ತೆಗೆದು ಮುಖಕ್ಕೆ ಒತ್ತಿಕೊಂಡರು.

"ಯಾವಾಗ ಹೋದ್ನಮ್ಮಾ?"

ಅಜ್ಜಪ್ಪ ಕಣ್ಣು ಬಿಟ್ಟ. "ಎಲ್ಲಿಗೆ ಹೋಗ್ಲಿ ಅಣ್ಣಾ? ಇಲ್ಲೇ ಅದೀನಿ."

ಬಕ್ಕೇಶಪ್ಪನವರ ನಾಚಿಕೆ ಸಿಟ್ಟಾಯಿತು. ಅವರ ಮನೆತನದಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ ಹೂವು ಹಾಕುವುದು ಪ್ರಾಣ ಹೋದವರಿಗೆ ಮಾತ್ರ. "ಜೀವ ಇರೋ ಮನುಷ್ಯನ್ನ ಹಿಂಗೆ ಕೂರಿಸ್ತಾರೇನು? ಮೊದ್ಲು ಮಲಗಿಸು."

ಬೆಳಗಿನಿಂದ ಅದೇ ಭಯ ಕಸ್ತೂರಮ್ಮನ ಎದೆಯಲ್ಲೂ ಇತ್ತು. ಡಾಕ್ಟರ ಮಾತು ನೆನಪಿದ್ದರೂ ಕೈ ದಿಂಬಿಗೆ ಹೋಯಿತು. ಇಬ್ಬರೂ ಸೇರಿ ಮಲಗಿಸಿದರು. ಮನೆಯಲ್ಲಿ ನಿದ್ದೆ ಮಾಡುವಾಗಿನಂತೆಯೇ ಕಂಡ ಗಂಡನನ್ನು ನೋಡಿ ಅವಳಿಗೆ ಒಂದು ಕ್ಷಣ ಸಮಾಧಾನವಾಯಿತು.

ಒಂದೇ ಕ್ಷಣ. ಅವನ ಕತ್ತಿನ ಬಲಗಡೆ ನರವೊಂದು ಬೆರಳಿನಷ್ಟು ದಪ್ಪವಾಗಿ ಕಿವಿಯವರೆಗೂ ಉಬ್ಬಿತು. ತುಟಿ ನೀಲಿಯಾಯಿತು. ಉಸಿರು ಸಿಗದೆ ಹಾಸಿಗೆ ಪರಚತೊಡಗಿದ.

ವಾರ್ಡಿನ ಆಯಾ ಮಾಬೂಬೀ ಕೈಲಿದ್ದದ್ದನ್ನು ನೆಲಕ್ಕಿಟ್ಟು ಓಡಿಬಂದಳು. "ಯಾ ಅಲ್ಲಾ! ಮಲಗಿಸಿದೋರು ಯಾರ್ರಿ? ಎತ್ರಿ ಅಮ್ಮಾರೇ, ಎತ್ರಿ!"

ಎತ್ತಿ ಕೂರಿಸಿದರು. ಉಸಿರು ಬಂತು, ನರ ಮಾತ್ರ ಇಳಿಯಲಿಲ್ಲ.

"ತುಂಬಿದ ಕೊಡ ಮಲಗಿಸಿದ್ರೆ ನೀರು ಬಾಯಿಗೆ ಬರಂಗಿಲ್ಲೇನ್ರಿ? ಹಂಗೇ ಇದು" ಎಂದಳು ಮಾಬೂಬೀ. "ಮಲಗಿದ್ರೆ ನನ್ನ ನರಾನೂ ಉಬ್ತೈತೆ, ಈ ಯಜಮಾನ್ರದೂ ಉಬ್ತೈತೆ. ಅದಕ್ಕೇ ಡಾಕ್ಟರು ಕೂಡಿಸಿ ನೋಡ್ತಾರ. ಮೈಯಾಗಿನ ನೀರು ಇಳಿದಂಗೆ ನರಾನೂ ಇಳೀತೈತೆ. ಕೂತಮ್ಯಾಲೂ ಇಳೀದಿದ್ರೆ ಹೆದರಬೇಕು."

ಅಜ್ಜಪ್ಪನ ಸೊಂಟ ಜಾರುತ್ತಿತ್ತು, ದಿಂಬು ನಿಲ್ಲುತ್ತಿರಲಿಲ್ಲ. ಭಾವನ ಎದುರು ಒಂದು ದಿನವೂ ಕುರ್ಚಿಯ ಮೇಲೆ ಕೂರದ ಕಸ್ತೂರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಚ ಹತ್ತಿದಳು. ಗಂಡನ ಹಿಂದೆ ಕೂತು, ಅವನ ಬೆನ್ನನ್ನು ಎದೆಗೆ ಆನಿಸಿಕೊಂಡಳು.

"ಭಾರ ಆಗ್ತೀನೇನೇ?" ಎಂದ ಅವನು.

"ಮಾತು ಬ್ಯಾಡ. ಉಸಿರು ತಗೊಳ್ರಿ." ಆಮೇಲೆ ತಲೆಯೆತ್ತಿ, "ಭಾವಾ, ಹಿಂದಿನಿಂದ ನಂಗೆ ಕಾಣಂಗಿಲ್ಲ. ನರ ನೋಡ್ರಿ" ಎಂದಳು.

ಬಕ್ಕೇಶಪ್ಪ ಮುಖ ತಿರುಗಿಸಿ ನಿಂತಿದ್ದರು. ಕೊನೆಗೆ ಕನ್ನಡಕ ಏರಿಸಿಕೊಂಡು ಬಗ್ಗಿದರು. ತಮ್ಮನ ಕತ್ತಿನ ಬಲಗಡೆ ದಿಟ್ಟಿಸಿದರು.

"ಏನೈತ್ರಿ ಭಾವಾ?"

"ಕಿವಿ ತಾವಿಂದ ಇಳದೈತೆ. ಇನ್ನೂ ಅರ್ಧ ಕತ್ತಿನಾಗ ಐತೆ."

"ನೋಡ್ತಾ ಇರ್ರಿ" ಎಂದು ಅವಳು ಇನ್ನಷ್ಟು ನೆಟ್ಟಗೆ ಕೂತಳು.